ತಂಗಿಗೆ ಗಾಳಿ ಮಾಲಿನ್ಯದ ಸೈಂಟಿಸ್ಟ್ ಆಗ್ಬೇಕಂತೆ, ಕೊಡಗಿನಿಂದ ದಾರಿ ಹೇಗೆ?

ಸುಂಟಿಕೊಪ್ಪದ ಅಣ್ಣ:

ಎಲ್ರಿಗೂ ನಮಸ್ಕಾರ. ನನ್ ತಂಗಿ ಮಡಿಕೇರಿಲಿ ಬಿಎಸ್ಸಿ ಎರಡನೇ ವರ್ಷ, ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್. ಓದೋದ್ರಲ್ಲಿ ಚುರುಕು. ಈಗ ಒಂದೇ ಹಠ ಹಿಡ್ದಿದಾಳೆ, ಗಾಳಿಲಿ ಏನೇನು ಸೇರ್ಕೊಂಡಿದೆ, ಮಾಲಿನ್ಯ ಎಲ್ಲಿಂದ ಬರುತ್ತೆ ಅನ್ನೋದನ್ನೇ ಓದ್ಬೇಕು, ಮುಂದೆ ಅದೇ ಕೆಲಸ ಮಾಡ್ಬೇಕು ಅಂತ. ಅಪ್ಪಂಗೆ ಬಿಎಡ್ ಮಾಡ್ಸಿ ಊರ ಹತ್ರಾನೇ ಟೀಚರ್ ಆಗ್ಲಿ ಅಂತ ಆಸೆ. ಅವ್ರು ಕೇಳೋದೂ ನ್ಯಾಯಾನೇ, ಹೊಗೆ ತುಂಬ್ಕೊಂಡಿರೋ ದೆಹಲಿಯವ್ರು ಓದ್ಬೇಕಾದ್ದನ್ನ ಕೊಡಗಿನ ಹುಡುಗಿ ಓದಿ ಎಂತ ಮಾಡೋದು, ಇಲ್ಲಿ ಗಾಳಿ ಚೆನ್ನಾಗೇ ಉಂಟಲ್ಲ ಅಂತ.

ನಾನು ಪಿಯುಸಿಗೇ ನಿಲ್ಸಿ ಸೇಲ್ಸ್ ವ್ಯಾನ್ ಓಡಿಸ್ತಿರೋನು, ನಂಗೆ ಈ ಲೈನ್ ಬಗ್ಗೆ ಏನೂ ಗೊತ್ತಿಲ್ಲ, ಆದ್ರೆ ಅವ್ಳು ಕೇಳಿದ್ದನ್ನ ಇಲ್ಲ ಅನ್ನೋಕೆ ಮನಸಿಲ್ಲ. ಈ ಸೈಂಟಿಸ್ಟ್‌ಗಳು ದಿನಾ ಮಾಡೋ ಕೆಲಸ ಏನು, ಯಾವ ಪರೀಕ್ಷೆ ಬರೀಬೇಕು, ಕೊನೆಗೆ ಸಂಬಳದ ಕೆಲಸ ಅಂತ ಒಂದು ಸಿಗುತ್ತಾ? ಈ ಫೀಲ್ಡಲ್ಲಿ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ವಿರಾಜಪೇಟೆ ಟು ಪುಣೆ:

ಅಣ್ಣ, ನಾನು ಇದೇ ಕೆಲಸದಲ್ಲಿರೋದು, ಊರು ವಿರಾಜಪೇಟೆ ಹತ್ರ. ಮೊದ್ಲು ಅಪ್ಪನ ಪ್ರಶ್ನೆಗೇ ಬರ್ತೀನಿ ಯಾಕಂದ್ರೆ ಅದು ಈ ವಿಷಯದ ಬುಡಕ್ಕೇ ಹೋಗೋ ಪ್ರಶ್ನೆ.

ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳ್ಬೇಕಾದ್ರೆ ಕೆಡದೇ ಇರೋ ಗಾಳಿ ಹೇಗಿರುತ್ತೆ ಅಂತ ಗೊತ್ತಿರ್ಬೇಕು. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅನ್ನೋರು 1958ರಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದ್ದು ಯಾವ್ದೋ ಕಾರ್ಖಾನೆ ಪಕ್ಕ ಅಲ್ಲ, ಪೆಸಿಫಿಕ್ ಸಮುದ್ರದ ಮಧ್ಯ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ, ಸುಮಾರು 3,400 ಮೀಟರ್ ಎತ್ರದಲ್ಲಿ. ಪಕ್ಕದಲ್ಲಿ ಹೊಗೆ ಉಗುಳೋ ಊರಿಲ್ಲ, ಅದಕ್ಕೇ ಇಡೀ ಭೂಮಿ ಗಾಳಿ ಎತ್ತ ಹೋಗ್ತಿದೆ ಅಂತ ಅಲ್ಲಿ ಸ್ಪಷ್ಟವಾಗಿ ಕಂಡಿತು. ಆಗ ಹತ್ತು ಲಕ್ಷ ಭಾಗ ಗಾಳಿಲಿ ಕಾರ್ಬನ್ ಡೈಆಕ್ಸೈಡ್ 315 ಭಾಗದಷ್ಟಿದ್ದದ್ದು ಈಗ 420 ದಾಟಿದೆ. ನಮ್ ದೇಶದಲ್ಲೂ ನೈನಿತಾಲ್, ಮಹಾಬಲೇಶ್ವರದಂಥ ಬೆಟ್ಟದ ಮೇಲೆ ಗಾಳಿ ಮೋಡ ಅಳೆಯೋ ಕೇಂದ್ರಗಳಿವೆ. ಮಡಿಕೇರಿ ಸ್ಟೂವರ್ಟ್ ಹಿಲ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಟೇಷನ್ ಇದೆ, ಅದ್ರ ಡೇಟಾ ಕೇಂದ್ರ ಮಂಡಳಿ ವೆಬ್‌ಸೈಟಲ್ಲಿ ಯಾರ್ ಬೇಕಾದ್ರೂ ನೋಡ್ಬಹುದು, ತಂಗಿ ಇವತ್ತು ರಾತ್ರಿನೇ ಡೌನ್‌ಲೋಡ್ ಮಾಡ್ಲಿ.

ಇನ್ನು ದಿನಾ ಏನ್ ಕೆಲಸ ಅಂದ್ರೆ, ನನ್ ಕೆಲಸದ ಒಂದು ತುಂಡು ಹೇಳ್ತೀನಿ. 47 ಮಿಲಿಮೀಟರ್ ಅಗಲದ ಒಂದು ದುಂಡನೆ ಫಿಲ್ಟರ್, ಬೆಳ್ಳಗಿರುತ್ತೆ. ಅದನ್ನ ಒಂದೇ ತೇವ ಒಂದೇ ಉಷ್ಣತೆ ಇರೋ ರೂಮಲ್ಲಿ ಒಂದು ದಿನ ಇಟ್ಟು, ಮೈಕ್ರೋಗ್ರಾಮ್ ತೋರ್ಸೋ ತಕ್ಕಡಿಲಿ ತೂಗ್ಬೇಕು. ಕೈಲಿ ಮುಟ್ಟೋ ಹಾಗಿಲ್ಲ, ಚಿಮಟದಲ್ಲೇ ಎತ್ತೋದು, ಬೆರಳಿನ ಎಣ್ಣೆ ತಾಗಿದ್ರೂ ತೂಕ ಬದಲಾಗುತ್ತೆ. ಆಮೇಲೆ ಅದನ್ನ ಸ್ಯಾಂಪ್ಲರ್ ಅನ್ನೋ ಗಾಳಿ ಎಳೆಯೋ ಯಂತ್ರದ ಒಳಗೆ ಕೂರಿಸಿ ನಿಮಿಷಕ್ಕೆ 16.7 ಲೀಟರ್ ಲೆಕ್ಕದಲ್ಲಿ 24 ಗಂಟೆ ಗಾಳಿ ಎಳಿಸ್ತೀವಿ, ಒಟ್ಟು 24 ಘನ ಮೀಟರ್ ಗಾಳಿ. ಒಂದು ಘನ ಮೀಟರಿಗೆ 20 ಮೈಕ್ರೋಗ್ರಾಮ್ ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ ಧೂಳಿನ ಕಣ) ಇದ್ರೆ, ಇಡೀ ದಿನ ಎಳೆದ್ರೂ ಆ ಫಿಲ್ಟರ್ ಮೇಲೆ ಕೂರೋದು ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪ ಕಮ್ಮಿ! ಅಷ್ಟನ್ನೇ ತುಂಡು ಮಾಡಿ ಒಂದು ಭಾಗದಲ್ಲಿ ಸಲ್ಫೇಟ್ ನೈಟ್ರೇಟ್ ಎಷ್ಟು, ಇನ್ನೊಂದ್ರಲ್ಲಿ ಮಸಿ ಎಷ್ಟು, ಲೋಹ ಎಷ್ಟು ಅಂತ ತೆಗೀತೀವಿ. ಲೆವೊಗ್ಲುಕೊಸಾನ್ ಅಂತ ಒಂದು ವಸ್ತು ಸಿಕ್ಕಿದ್ರೆ ಸೌದೆನೋ ಎಲೆನೋ ಸುಟ್ಟಿದಾರೆ ಅಂತ ಅರ್ಥ, ಮರದ ಸೆಲ್ಯುಲೋಸ್ ಸುಟ್ಟಾಗ ಬರೋದದು. ಸೋಡಿಯಂ ಕ್ಲೋರೈಡ್ ಇದ್ರೆ ಸಮುದ್ರದ ಕಡೆ ಗಾಳಿ. ಜೂನ್ ಜುಲೈನಲ್ಲಿ ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತಿ ಬರೋ ನಮ್ಮೂರಲ್ಲಿ ಈ ಉಪ್ಪನ್ನ ಹುಡುಕೋದೇ ಒಂದು ಒಳ್ಳೆ ಪ್ರಶ್ನೆ.

ಎಲ್ರೂ ಫಿಲ್ಟರ್ ಕೆಲಸಾನೇ ಮಾಡಲ್ಲ. ಕೆಲವ್ರು ಲ್ಯಾಬಲ್ಲಿ ಅನಿಲಗಳ ಮೇಲೆ ಬೆಳಕು ಬಿಟ್ಟು ಏನು ಹುಟ್ಟುತ್ತೆ ನೋಡ್ತಾರೆ, ಕೆಲವ್ರು ಬಲೂನಲ್ಲಿ ಓಝೋನ್ ಅಳೆಯೋ ಉಪಕರಣ ಕಟ್ಟಿ ಬಿಡ್ತಾರೆ, ತುಂಬಾ ಜನ ಕಂಪ್ಯೂಟರ್ ಮಾಡೆಲ್‌ನಲ್ಲೇ ಇರ್ತಾರೆ, ಇನ್ನು ಕೆಲವ್ರು ಉಪಗ್ರಹದ ಡೇಟಾ. 2017ರಲ್ಲಿ ಹಾರಿಸಿದ ಸೆಂಟಿನೆಲ್ 5ಪಿ ಉಪಗ್ರಹದ ನೈಟ್ರೋಜನ್ ಡೈಆಕ್ಸೈಡ್ ಡೇಟಾ ಪೂರ್ತಿ ಉಚಿತ. ತಂಗಿ ಈಗ್ಲೇ ಪೈಥಾನ್ ಕಲಿಯೋಕೆ ಶುರು ಮಾಡ್ಲಿ, ಯಾವ ಕಡೆ ಹೋದ್ರೂ ಅದು ಬೇಕೇ ಬೇಕು.

ಇನ್ನೊಂದು. ಲಾಸ್ ಏಂಜಲೀಸ್ ಹೊಗೆಮಂಜಿನ ಗುಟ್ಟು ಬಿಡಿಸಿದ ಹಾಗೆನ್ ಸ್ಮಿಟ್ ಅನ್ನೋ ಕೆಮಿಸ್ಟ್ ಅದಕ್ಕೂ ಮುಂಚೆ ಮಾಡ್ತಿದ್ದದ್ದು ಅನಾನಸ್ ಹಣ್ಣಿನ ಘಮದಲ್ಲಿ ಏನೇನಿದೆ ಅಂತ ಕಂಡುಹಿಡಿಯೋ ಕೆಲಸ. ಅದೇ ಕೆಮಿಸ್ಟ್ರಿನ ಊರಿನ ಗಾಳಿಗೆ ಹಚ್ಚಿ ನೋಡಿದ್ರು, ವಾಹನ ಮತ್ತೆ ರಿಫೈನರಿ ಹೊಗೆ ಮೇಲೆ ಬಿಸಿಲು ಬಿದ್ದಾಗ ಓಝೋನ್ ಹುಟ್ಟುತ್ತೆ ಅಂತ ತೋರಿಸ್ಕೊಟ್ರು. ಹಾಗಾಗಿ ನಮ್ಮ ಕಾಫಿ, ಏಲಕ್ಕಿ, ಕಿತ್ತಳೆ ಕೆಮಿಸ್ಟ್ರಿಯಿಂದ ಶುರು ಮಾಡಿದ್ರೂ ಇಲ್ಲಿಗೆ ಬರ್ಬಹುದು, ನಾನಿದನ್ನ ಮನಸಾರೆ ಹೇಳ್ತಿದೀನಿ.

ಭಾಗಮಂಡಲ ತೋಟದವ್ನು:

ನಮ್ಮಲ್ಲಿ ಮಳೆ ಅಳೆಯದ ತೋಟ ಉಂಟಾ ಹೇಳಿ. ಬೆಳಿಗ್ಗೆ ಎದ್ದು ಮಾಪಕದಿಂದ ನೀರು ಬಗ್ಗಿಸಿ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಅಂತ ಡೈರಿಲಿ ಬರ್ದೇ ಕಾಫಿ ಕುಡಿಯೋದು. ನಮ್ ಮನೇಲಿ ಅಜ್ಜನ ಕೈಬರಹದ ಪುಸ್ತಕಗಳಿವೆ, ಅಜ್ಜ ಆಸ್ಪತ್ರೆಲಿದ್ದಾಗ ಅಜ್ಜಿ ಬರ್ದ ಪುಟಗಳೂ ಇವೆ, ಬಿಟ್ಟುಹೋದ ದಿನಾನ ಹಾಗೇ ಖಾಲಿ ಬಿಟ್ಟಿದಾರೆ, ಅಂದಾಜಲ್ಲಿ ತುಂಬಿಸಿಲ್ಲ. ಗುಡ್ಡ ಕುಸಿದ ಆ ಮಳೆಯ 2018ರ ಆಗಸ್ಟ್ ಪುಟ ತೆಗೆದ್ರೆ ಈಗ್ಲೂ ಹೊಟ್ಟೆಲಿ ಒಂಥರಾ ಆಗುತ್ತೆ. ತಂಗಿಗೆ ಬೇಕಿದ್ರೆ ಬಂದು ಫೋಟೋ ತಕ್ಕೊಳ್ಳಿ, ಪುಸ್ತಕ ಮಾತ್ರ ಮನೆ ಬಿಟ್ಟು ಕೊಡಲ್ಲ.

ಒಂದು ಡೌಟು ನಂದೂ ಉಂಟು. ಡಿಸೆಂಬರ್ ಜನವರಿಲಿ ಬೆಳಿಗ್ಗೆ ಮೇಲಿಂದ ನೋಡಿದ್ರೆ ಗದ್ದೆ ಬಯಲಲ್ಲಿ ಹೊಗೆ ಒಂದು ಪದರ ಕಟ್ಟಿ ನಿಂತಿರುತ್ತೆ, ಮೇಲೂ ಹೋಗಲ್ಲ ಚದುರೋದೂ ಇಲ್ಲ, ಹತ್ತು ಗಂಟೆ ಬಿಸಿಲಿಗೆ ಮಾಯ. ಅದು ಎಂತಕ್ಕೆ?

ವಿರಾಜಪೇಟೆ ಟು ಪುಣೆ:

ಅಂಕಲ್, ಖಾಲಿ ದಿನ ಖಾಲಿ ಬಿಟ್ಟಿದಾರೆ ಅಂದ್ರಲ್ಲ, ಆ ಒಂದು ಮಾತಿಗೇ ಆ ಪುಸ್ತಕದ ಬೆಲೆ ಎಷ್ಟೋ ಪಟ್ಟು ಜಾಸ್ತಿ.

ಹೊಗೆ ವಿಷಯ ಅಂದ್ರೆ, ಚಳಿಗಾಲದ ರಾತ್ರಿ ಮೋಡ ಇಲ್ದಿದ್ರೆ ನೆಲ ಬೇಗ ತಣ್ಣಗಾಗುತ್ತೆ, ನೆಲಕ್ಕೆ ತಾಗಿದ ಗಾಳಿನೂ ತಣ್ಣಗಾಗಿ ಭಾರ ಆಗಿ ಇಳಿಜಾರಿಂದ ಜಾರಿ ಬಯಲಿಗೆ ಬಂದು ಕೂರುತ್ತೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿರುತ್ತೆ, ಅದು ಮುಚ್ಚಳ ಇದ್ದಂಗೆ. ಕೆಳಗೆ ಒಲೆಯಿಂದ ಎದ್ದ ಹೊಗೆ ಅಲ್ಲಿಗೆ ಬಂದು ನಿಲ್ಲುತ್ತೆ, ಬಿಸಿಲು ನೆಲ ಕಾಯಿಸಿ ಗಾಳಿ ಕಲೆಸಿದ ಮೇಲೇ ಬಿಡುಗಡೆ. 1952ರ ಡಿಸೆಂಬರಲ್ಲಿ ಲಂಡನ್ನಲ್ಲಿ ಇದೇ ಮುಚ್ಚಳ ಐದು ದಿನ ಬಿಡ್ಲಿಲ್ಲ, ಕೆಳಗೆ ಪೂರ್ತಿ ಕಲ್ಲಿದ್ದಲ ಹೊಗೆ, ಸತ್ತೋರು 4,000 ಅಂತ ಮೊದ್ಲು ಲೆಕ್ಕ ಹಾಕಿದ್ರು, ಆಮೇಲಿನ ಲೆಕ್ಕದಲ್ಲಿ ಅದು 12,000ದ ತನಕ ಹೋಯ್ತು. ಗಾಳಿ ಒಳ್ಳೇದಿರೋ ಜಿಲ್ಲೆಲೂ ಒಂದು ಬಯಲಿನ ಒಂದು ಬೆಳಗ್ಗೆ ಕೆಟ್ಟಿರ್ಬಹುದು, ಸ್ಟೂವರ್ಟ್ ಹಿಲ್‌ನ ಒಂದು ಸ್ಟೇಷನ್ನಿಗೆ ಅದು ಕಾಣಲ್ಲ.

ಗೋಣಿಕೊಪ್ಪ ಕೆಮಿಸ್ಟ್ರಿ ಮೇಷ್ಟ್ರು:

ಪರೀಕ್ಷೆ ವಿಷಯ ನಾನು ಹೇಳ್ತೀನಿ, ಪ್ರತಿ ವರ್ಷ ಮಕ್ಕಳಿಗೆ ಹೇಳೋದೇ.

ಈ ಫೀಲ್ಡಿಗೆ ಬಿಎಸ್ಸಿ ಇಂಥದ್ದೇ ಆಗ್ಬೇಕು ಅಂತಿಲ್ಲ, ಪಿಸಿಎಂ ಇದ್ರೆ ಸಾಕು, ಅದರಲ್ಲೂ ಗಣಿತ ಬಿಡ್ಬಾರ್ದು. ಮುಂದಿನ ವರ್ಷ ಐಐಟಿ ಜಾಮ್ ಅನ್ನೋ ಎಂಎಸ್ಸಿ ಪ್ರವೇಶ ಪರೀಕ್ಷೆ ಬರೀಲಿ, ಪರೀಕ್ಷೆ ಫೆಬ್ರವರಿಲಿ ಇರುತ್ತೆ, ಅರ್ಜಿ ಅದಕ್ಕೂ ತುಂಬಾ ಮುಂಚೆ ಕರೀತಾರೆ. ಅದ್ರಿಂದ ಐಐಟಿಗಳಲ್ಲಿ ಎಂಎಸ್ಸಿ, ಬೆಂಗಳೂರು ಐಐಎಸ್ಸಿಲಿ ಇಂಟಿಗ್ರೇಟೆಡ್ ಪಿಎಚ್‌ಡಿ. ಹವಾಮಾನ ಶಾಸ್ತ್ರದಲ್ಲೇ ಎಂಎಸ್ಸಿ ಬೇಕು ಅಂದ್ರೆ ಕೊಚ್ಚಿನ್ ವಿಶ್ವವಿದ್ಯಾಲಯ ನಮಗೆ ಹತ್ರ, ಪುಣೆ ವಿಶ್ವವಿದ್ಯಾಲಯದಲ್ಲೂ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲೂ ಇದೆ. ಎಂಎಸ್ಸಿ ಮುಗಿಯೋ ಹೊತ್ತಿಗೆ ಸಿಎಸ್ಐಆರ್ ನೆಟ್ ಅನ್ನೋ ರಾಷ್ಟ್ರೀಯ ಪರೀಕ್ಷೆ, ಅದ್ರಲ್ಲಿ ಭೂಮಿ, ವಾಯುಮಂಡಲ, ಸಾಗರ, ಗ್ರಹ ವಿಜ್ಞಾನ ಅಂತಾನೇ ಒಂದು ಪೇಪರ್ ಇದೆ. ಅದ್ರಲ್ಲಿ ಜೆಆರ್‌ಎಫ್, ಅಂದ್ರೆ ಪಿಎಚ್‌ಡಿ ಮಾಡೋಕೆ ಕೊಡೋ ಫೆಲೋಶಿಪ್, ಬಂದ್ರೆ ಮೊದ್ಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಪಿಎಚ್‌ಡಿ ಅಂದ್ರೆ ಮನೆಯಿಂದ ದುಡ್ಡು ಹಾಕಿ ಓದೋದು ಅಂತ ಅಪ್ಪ ತಿಳ್ಕೊಂಡಿರ್ಬಹುದು, ಇದನ್ನ ಅವ್ರಿಗೆ ಬಿಡಿಸಿ ಹೇಳಿ. ಪಿಎಚ್‌ಡಿಗೆ ಐಐಎಸ್ಸಿ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ, ಅಹಮದಾಬಾದ್‌ನ ಭೌತ ಸಂಶೋಧನಾಲಯ ಪಿಆರ್‌ಎಲ್, ತಿರುಪತಿ ಹತ್ರ ಗಾದಂಕಿಲಿರೋ ವಾಯುಮಂಡಲ ಸಂಶೋಧನಾಲಯ ಎನ್‌ಎಆರ್‌ಎಲ್, ಐಐಟಿ ದೆಹಲಿ, ಕಾನ್ಪುರ ಹೀಗೆ ದೊಡ್ಡ ಪಟ್ಟಿನೇ ಇದೆ.

ಎಲ್ಲಕ್ಕಿಂತ ಮೊದ್ಲು ಮಾಡ್ಬೇಕಾದ್ದು, ವಿಜ್ಞಾನ ಅಕಾಡೆಮಿಗಳು ಕೊಡೋ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕೋದು. ಎರಡು ತಿಂಗಳು ನಿಜವಾದ ಲ್ಯಾಬಲ್ಲಿ ಇರೋ ಅವಕಾಶ, ಸ್ಟೈಪೆಂಡ್ ಕೊಡ್ತಾರೆ. ಅಲ್ಲಿ ಹೋಗಿ ನೋಡಿದ್ರೆ ಇದು ತನಗೆ ಒಗ್ಗುತ್ತಾ ಇಲ್ವಾ ಅಂತ ಅವ್ಳಿಗೇ ಗೊತ್ತಾಗುತ್ತೆ.

ಇಂಗ್ಲಿಷ್ ಭಯ ಇದ್ರೆ ಒಂದು ಮಾತು. ವೀರಭದ್ರನ್ ರಾಮನಾಥನ್ ಅನ್ನೋ ದೊಡ್ಡ ಹವಾಮಾನ ವಿಜ್ಞಾನಿ ಚಿಕ್ಕವ್ರಿದ್ದಾಗ ತಮಿಳು ಮಾಧ್ಯಮದಿಂದ ಬೆಂಗಳೂರಿನ ಇಂಗ್ಲಿಷ್ ಶಾಲೆಗೆ ಬಂದು, ಪಾಠ ಅರ್ಥವಾಗದೆ ಹಿಂದೆ ಬಿದ್ದು, ಎಲ್ಲಾನೂ ತಾವೇ ಯೋಚಿಸಿ ಬಿಡಿಸ್ಕೊಳ್ಳೋದು ಕಲಿತೋರು. ಇಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ರೆಫ್ರಿಜರೇಟರ್ ಕಂಪನಿಲಿ ಅನಿಲ ಸೋರೋದು ಹೇಗೆ ಅಂತ ನೋಡ್ತಿದ್ರು. ಆಮೇಲೆ ಐಐಎಸ್ಸಿ, ಅಲ್ಲಿಂದ ಅಮೆರಿಕ. 1975ರಲ್ಲಿ ಅದೇ ಫ್ರಿಜ್ಜಿನ ಸಿಎಫ್‌ಸಿ ಅನಿಲ ಭೂಮಿನ ಬಿಸಿ ಮಾಡುತ್ತೆ ಅಂತ ಜಗತ್ತಿಗೆ ಮೊದ್ಲು ತೋರಿಸಿದ್ದು ಅವ್ರೇ. ನಮ್ ಸರ್ಕಾರಿ ಶಾಲೆ ಮಕ್ಕಳಿಗೆ ನಾನು ಈ ಕಥೆ ಹೇಳ್ತಾನೇ ಇರ್ತೀನಿ.

ಕುಶಾಲನಗರ ಎನ್ವಿರಾನ್ಮೆಂಟ್:

ಕೆಲಸ ಸಿಗುತ್ತಾ ಅಂತ ಕೇಳಿದ್ರಲ್ಲ, ಅದಕ್ಕೆ ಯಾರೂ ನೇರವಾಗಿ ಉತ್ರ ಕೊಡ್ಲಿಲ್ಲ, ನಾನು ಹೇಳ್ತೀನಿ. ಸಿಗುತ್ತೆ, ಆದ್ರೆ ಪರ್ಮನೆಂಟ್ ಸೈಂಟಿಸ್ಟ್ ಹುದ್ದೆ ಕಮ್ಮಿ, ಅದು ಸಿಗೋ ತನಕ ಪ್ರಾಜೆಕ್ಟ್ ಲೆಕ್ಕದಲ್ಲಿ ವರ್ಷ ವರ್ಷ ರಿನ್ಯೂ ಆಗೋ ಕೆಲಸಗಳೇ ಜಾಸ್ತಿ. ಪಿಎಚ್‌ಡಿ ಐದಾರು ವರ್ಷ, ಅದಾದ್ಮೇಲೆ ಪೋಸ್ಟ್‌ಡಾಕ್ ಅಂತ, ಅಂದ್ರೆ ಪಿಎಚ್‌ಡಿ ನಂತ್ರದ ತಾತ್ಕಾಲಿಕ ಸಂಶೋಧನೆ ಕೆಲಸಕ್ಕೆ, ಹೊರದೇಶಕ್ಕೋ ಬೇರೆ ರಾಜ್ಯಕ್ಕೋ ಹೋಗ್ಬೇಕಾಗುತ್ತೆ. ಮದ್ವೆ ಮಾತು ಮನೇಲಿ ಶುರುವಾಗೋದೂ ಸರಿಯಾಗಿ ಅದೇ ಟೈಮಿಗೆ. ಅಣ್ಣಂದಿರು ಗಟ್ಟಿಯಾಗಿ ನಿಲ್ಬೇಕಾದ್ದು ಅಲ್ಲೇ.

ನಾನು ಎಂಎಸ್ಸಿ ಎನ್ವಿರಾನ್ಮೆಂಟಲ್ ಸೈನ್ಸ್ ಮಾಡಿ ಮೊದ್ಲು ಸೇರಿದ್ದು ಒಂದು ಕನ್ಸಲ್ಟೆನ್ಸಿಗೆ. ಅಲ್ಲಿ ಸ್ಯಾಂಪ್ಲರ್ ಎಂಟು ಗಂಟೆ ಓಡ್ಸಿ ರಿಪೋರ್ಟಲ್ಲಿ 24 ಗಂಟೆ ಅಂತ ಬರೆಯೋಕೆ ಹೇಳ್ತಿದ್ರು. ಕರೆಂಟ್ ಹೋದ ದಿನದ ನಂಬರನ್ನ ಹಿಂದಿನ ವರ್ಷದ ಫೈಲಿಂದ ಎತ್ತಿ ಹಾಕ್ತಿದ್ರು. ಆ ರಿಪೋರ್ಟ್ ನಂಬ್ಕೊಂಡು ಒಂದೂರಿನ ಪಕ್ಕ ಕ್ರಷರ್‌ಗೆ ಪರ್ಮಿಷನ್ ಕೊಡ್ತಾರೆ, ಆ ಊರಲ್ಲಿ ಮಕ್ಕಳಿರ್ತಾರೆ. ನಾನು ಸಹಿ ಹಾಕಲ್ಲ ಅಂದೆ, ಕೆಲಸ ಬಿಟ್ಟೆ, ಈಗ ಮೈಸೂರಲ್ಲಿ ಒಂದು ಲ್ಯಾಬಲ್ಲಿದೀನಿ, ಸಂಬಳ ಸಾಧಾರಣ, ನಂಬರ್ ಮಾತ್ರ ನಿಜವಾದ್ದು. ಈಗ ಭಾಗಮಂಡಲದವ್ರು ಖಾಲಿ ಪುಟ ಅಂದಾಗ ನಂಗೆ ಕಣ್ಣಲ್ಲಿ ನೀರು ಬಂತು, ನಿಜವಾಗ್ಲೂ.

ಆದ್ರೂ ತಂಗಿ ಬರ್ಲಿ ಅಂತಾನೇ ಹೇಳ್ತೀನಿ. 2019ರಲ್ಲಿ ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ ಬಂದ್ಮೇಲೆ ಈ ವಿಷಯ ಗೊತ್ತಿರೋರನ್ನ ಕೇಳೋರು ಜಾಸ್ತಿ ಆಗಿದಾರೆ, ನಮ್ ರಾಜ್ಯದ್ದೇ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಆ ಪಟ್ಟಿಲಿವೆ. ಮಾಲಿನ್ಯ ಮಂಡಳಿ, ಹವಾಮಾನ ಇಲಾಖೆ, ಬೆಂಗಳೂರಲ್ಲಿ ನೀತಿ ಸಂಶೋಧನೆ ಮಾಡೋ ಸಂಸ್ಥೆಗಳು, ಉಪಕರಣ ಮಾಡೋ ಕಂಪನಿಗಳು, ಕಾಲೇಜು ಪಾಠ, ಹೀಗೆ ದಾರಿಗಳಿವೆ. ಡೇಟಾ ಅನಾಲಿಸಿಸ್ ಕೈಯಲ್ಲಿದ್ರೆ ಯಾವತ್ತೂ ಉಪವಾಸ ಬೀಳಲ್ಲ.

ಸಿದ್ದಾಪುರ ಸಿಸ್ಟರ್:

ತಮ್ಮಾ, ನಾನು ಆರೋಗ್ಯ ಇಲಾಖೆಲಿ ಕೆಲಸ ಮಾಡೋಳು, ತೋಟದ ಕೆಲಸದವ್ರು ಇರೋ ಲೈನ್ ಮನೆಗಳಿಗೆ ಹೋಗ್ತಿರ್ತೀನಿ. ಎಲ್ರೂ ಕೊಡಗಿನ ಗಾಳಿ ಶುದ್ಧ ಅಂತಿದೀರಿ, ಒಂದ್ಸಲ ಮಳೆಗಾಲದಲ್ಲಿ ಸಂಜೆ ಆರು ಗಂಟೆಗೆ ಲೈನ್ ಮನೆ ಒಳಗೆ ಬನ್ನಿ. ಸೌದೆ ಹಸಿ, ಕಿಟಕಿ ಮುಚ್ಚಿರುತ್ತೆ, ಒಲೆ ಮುಂದೆ ತಾಯಿ, ಮಡಿಲಲ್ಲಿ ಕೂಸು. ಮಾಡು ಪೂರ್ತಿ ಕಪ್ಪು, ಮಸಿ ನೂಲು ನೂಲಾಗಿ ನೇತಾಡುತ್ತೆ. ಕೆಮ್ಮು ಅಂತ ಬರೋ ಹೆಂಗಸ್ರು ಬೀಡಿ ಸೇದಿದೋರಲ್ಲ. ಸಿಲಿಂಡರ್ ಇದೆ, ತುಂಬಿಸೋಕೆ ದುಡ್ಡಿಲ್ಲ ಅಂತ ಮೂಲೇಲಿ ಇಟ್ಟಿರ್ತಾರೆ. ನಿಮ್ ತಂಗಿ ಓದಿ ಬಂದು ಇದನ್ನ ಅಳೆದು ಒಂದು ಕಾಗದದ ಮೇಲೆ ಹಾಕ್ಕೊಟ್ರೆ ನಾನು ಅದನ್ನ ಹಿಡ್ಕೊಂಡು ಮೀಟಿಂಗಲ್ಲಿ ಮಾತಾಡ್ತೀನಿ. ಬರೀ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ.

ವಿರಾಜಪೇಟೆ ಟು ಪುಣೆ:

ಅಕ್ಕಾ, ನೀವು ಹೇಳಿದ್ದು ಈ ವಿಜ್ಞಾನದ ಒಂದು ದೊಡ್ಡ ಕವಲು. ಕರ್ಕ್ ಸ್ಮಿತ್ ಅಂತ ಅಮೆರಿಕದೋರು 1980ರ ದಶಕದಲ್ಲಿ ಗುಜರಾತಿನ ಹಳ್ಳಿಗಳಿಗೆ ಬಂದು, ಅಡುಗೆ ಮಾಡೋ ಹೆಂಗಸ್ರ ಮೈಮೇಲೇ ಅಳೆಯೋ ಉಪಕರಣ ಕಟ್ಟಿ ಎಷ್ಟು ಹೊಗೆ ಕುಡೀತಾರೆ ಅಂತ ಲೆಕ್ಕ ತೆಗೆದ್ರು. ಅಲ್ಲಿವರೆಗೆ ಮಾಲಿನ್ಯ ಅಂದ್ರೆ ಪೇಟೆ, ಚಿಮಣಿ ಅಷ್ಟೇ. ಚೆನ್ನೈನಲ್ಲಿ ಕಲ್ಪನಾ ಬಾಲಕೃಷ್ಣನ್ ಅವ್ರ ತಂಡ ಈಗ್ಲೂ ಈ ಕೆಲಸ ಮಾಡ್ತಿದೆ. ನಮ್ ದೇಶದ ಮಿತಿ ಪಿಎಂ 2.5ಗೆ ವರ್ಷದ ಸರಾಸರಿ 40 ಮೈಕ್ರೋಗ್ರಾಮ್, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಸೌದೆ ಒಲೆ ಉರಿಯೋ ಮುಚ್ಚಿದ ಅಡುಗೆಮನೇಲಿ ಆ ಹೊತ್ತಿಗೆ ಇದು ನೂರಾರು ಇರುತ್ತೆ, ಸಾವಿರ ದಾಟೋದೂ ಉಂಟು. ಹೊರಗಡೆ ಸ್ಟೇಷನ್ ಹಸಿರು ಬಣ್ಣ ತೋರಿಸ್ತಿರುವಾಗ್ಲೇ.

ಸುಂಟಿಕೊಪ್ಪದ ಅಣ್ಣ:

ಎಲ್ರಿಗೂ ಕೈ ಮುಗೀತೀನಿ. ಇದನ್ನೆಲ್ಲಾ ತಂಗಿ ಅಪ್ಪಂಗೆ ಓದಿ ಹೇಳಿದ್ಲು. ಜೆಆರ್‌ಎಫ್ ದುಡ್ಡಿನ ವಿಷಯಕ್ಕೆ ಇನ್ನೊಂದ್ಸಲ ಓದು ಅಂದ್ರು, ಸಿಸ್ಟರ್ ಬರ್ದಿದ್ದು ಕೇಳಿ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಬಿಎಡ್ ಅರ್ಜಿನೂ ಹಾಕ್ಬೇಕು ಅಂತ ಮಾತ್ರ ಹೇಳಿದಾರೆ. ತಂಗಿ ಕೇಳ್ತಿದಾಳೆ, ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಪಿಎಂ ಸೆನ್ಸರ್ ಸಿಗುತ್ತಲ್ಲ, ಅದನ್ನ ತಂದು ಕಾಲೇಜ್ ಪ್ರಾಜೆಕ್ಟ್ ಮಾಡ್ಬಹುದಾ ಅಂತ.

ವಿರಾಜಪೇಟೆ ಟು ಪುಣೆ:

ಖಂಡಿತ ಮಾಡ್ಬಹುದು, ಆದ್ರೆ ನಮ್ಮೂರಿನ ಮಂಜು ಅವ್ಳಿಗೆ ಮೊದ್ಲ ಪಾಠ ಕಲಿಸುತ್ತೆ. ಆ ಸೆನ್ಸರ್ ಒಳಗೆ ಒಂದು ಸಣ್ಣ ಲೇಸರ್ ಇರುತ್ತೆ, ಕಣದ ಮೇಲೆ ಬಿದ್ದು ಚದುರಿದ ಬೆಳಕನ್ನ ನೋಡಿ ಎಷ್ಟು ಧೂಳು ಅಂತ ಊಹಿಸುತ್ತೆ. ತೇವ ಜಾಸ್ತಿ ಇದ್ರೆ ಕಣ ನೀರು ಕುಡಿದು ಊದ್ಕೊಳ್ಳುತ್ತೆ, ಮಂಜಿನ ಹನಿನೂ ಅದಕ್ಕೆ ಧೂಳೇ. ಜುಲೈ ತಿಂಗಳಲ್ಲಿ ಮಡಿಕೇರಿಲಿ ಹೊರಗಿಟ್ರೆ ಗಾಳಿ ಕೆಟ್ಟೋಗಿದೆ ಅಂತ ಸುಳ್ಳು ನಂಬರ್ ತೋರ್ಸುತ್ತೆ, ಅದನ್ನ ಯಾರೋ ವಾಟ್ಸಾಪಲ್ಲಿ ಹಾಕಿದ್ರೆ ಮುಗೀತು. ಸರ್ಕಾರಿ ಸ್ಟೇಷನ್ನಲ್ಲಿರೋ ಥರದ ಉಪಕರಣಗಳಲ್ಲಿ ಒಳಗೆ ಬರೋ ಗಾಳಿನ ಬಿಸಿ ಮಾಡಿ ತೇವ ಕಳೆಯೋ ವ್ಯವಸ್ಥೆ ಇರುತ್ತೆ, ಅಗ್ಗದ್ರಲ್ಲಿ ಅದಿಲ್ಲ. ಹಾಗಾಗಿ ಜೊತೆಗೆ ತೇವ ಅಳೆಯೋ ಸೆನ್ಸರ್ ಕಡ್ಡಾಯ ಇರ್ಲಿ. ಒಂದೇ ಥರದ್ದು ಎರಡು ತಗೊಳ್ಳಿ, ಮೊದ್ಲು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ನಂಬರ್ ತೋರಿಸ್ತವಾ ನೋಡ್ಲಿ. ಆಮೇಲೆ ಪರ್ಮಿಷನ್ ಕೇಳಿ ಸ್ಟೂವರ್ಟ್ ಹಿಲ್ ಸ್ಟೇಷನ್ ಹತ್ರ ಇಡೋಕೆ ಆದ್ರೆ ಅದಕ್ಕಿಂತ ಒಳ್ಳೇದಿಲ್ಲ. ಡಿಸೆಂಬರಿಂದ ಮಾರ್ಚ್ ತನಕ ಅಳೆದ್ರೆ ಸಾಕು, ಒಣ ಹವೆ, ಎಲೆ ಸುಡೋ ಕಾಲ, ಕಾಡುಕಿಚ್ಚಿನ ಕಾಲಾನೂ ಅದೇ. ಒಂದು ಮೇಲೆ ಮಡಿಕೇರಿಲಿ, ಒಂದು ಬಯಲಲ್ಲಿ ಇಟ್ರೆ ಭಾಗಮಂಡಲ ಅಂಕಲ್ ಕೇಳಿದ ಹೊಗೆ ಪದರದ ಪ್ರಶ್ನೆಗೇ ಉತ್ರ ಸಿಗುತ್ತೆ, ಅದೊಂದು ಪೂರ್ತಿ ಪ್ರಾಜೆಕ್ಟ್.

ತಂಗಿಗೆ ಅನ್ನಾ ಮಣಿ ಅನ್ನೋ ಮಹಿಳಾ ಹವಾಮಾನ ವಿಜ್ಞಾನಿ ಬಗ್ಗೆ ಓದೋಕೆ ಹೇಳಿ. 1918ರಲ್ಲಿ ಕೇರಳದ ಪೀರುಮೇಡಲ್ಲಿ ಹುಟ್ಟಿದೋರು, ಮನೆಯವ್ರದ್ದು ಏಲಕ್ಕಿ ತೋಟ. ಬೆಂಗಳೂರಲ್ಲಿ ಸಿ.ವಿ. ರಾಮನ್ ಲ್ಯಾಬಲ್ಲಿ ಸಂಶೋಧನೆ ಮಾಡಿದ್ರು, ಎಂಎಸ್ಸಿ ಇಲ್ಲ ಅಂತ ಪಿಎಚ್‌ಡಿ ಕೊಡ್ಲಿಲ್ಲ. ಹವಾಮಾನ ಇಲಾಖೆ ಸೇರಿ ಉಪಕರಣಗಳನ್ನ ಇಲ್ಲೇ ತಯಾರಿಸೋ ಹಾಗೆ ಮಾಡಿದ್ರು, ಬಲೂನಲ್ಲಿ ಓಝೋನ್ ಅಳೆಯೋ ಭಾರತದ್ದೇ ಉಪಕರಣದ ಹಿಂದೆನೂ ಅವ್ರಿದ್ರು. ತಪ್ಪು ಅಳತೆಗಿಂತ ಅಳತೆ ಇಲ್ದೇ ಇರೋದೇ ವಾಸಿ ಅಂತ ನಂಬಿದ್ದೋರು.

ಭಾಗಮಂಡಲ ತೋಟದವ್ನು:

ಬಯಲಿನ ಸೆನ್ಸರ್ ನಮ್ ಕಾಫಿ ಒಣಗಿಸೋ ಕಣದ ಪಕ್ಕ ಇಡಿ. ಕರೆಂಟ್ ಪಾಯಿಂಟ್ ಉಂಟು, ಮಾಡು ಉಂಟು, ಕರೆಂಟ್ ಹೋದ್ರೆ ಎಷ್ಟು ಗಂಟೆಗೆ ಹೋಯ್ತು ಬಂತು ಅಂತ ಬರ್ದಿಡ್ತೇನೆ. ಕಾಫಿ ಕೊಯ್ಲಿನ ಟೈಮಾದ್ರೆ ಜನ ಓಡಾಡಿ ಧೂಳೇಳುತ್ತೆ, ಅದಕ್ಕೆ ಬೇರೆ ಜಾಗ ಬೇಕಾ ನೋಡ್ಕೊಳ್ಳಿ.

ಗೋಣಿಕೊಪ್ಪ ಕೆಮಿಸ್ಟ್ರಿ ಮೇಷ್ಟ್ರು:

ಬಿಎಡ್ ಅರ್ಜಿ ಹಾಕ್ಲಿ, ಅಪ್ಪನ ಮನಸಿಗೂ ಸಮಾಧಾನ, ಆದ್ರೆ ಜಾಮ್ ಅರ್ಜಿ ಕೊನೇ ದಿನಕ್ಕೆ ಇಡ್ಬೇಡಿ. ನಮ್ ಕೊಡಗಿನ ಮಕ್ಕಳಿಗೆ ಪ್ರತಿ ವರ್ಷ ಒಂದೇ ತೊಂದ್ರೆ, ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಮನೆ ಹೆಸರು ಮುಂದೆ, ಆಧಾರಲ್ಲಿ ಹಿಂದೆ, ಇನ್ನೊಂದ್ರಲ್ಲಿ ಬರೀ ಇನಿಶಿಯಲ್. ಆನ್‌ಲೈನ್ ಅರ್ಜಿಲಿ ಅದು ಹೊಂದದೆ ವಾಪಸ್ ಬರುತ್ತೆ. ಈ ವಾರಾನೇ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ, ವ್ಯತ್ಯಾಸ ಇದ್ರೆ ಮೊದ್ಲು ಆಧಾರ್ ಸರಿ ಮಾಡ್ಸಿ. ಜಾತಿ, ಆದಾಯ ಪ್ರಮಾಣಪತ್ರ ಬೇಕಾಗೋದಾದ್ರೆ ಕೇಂದ್ರದ ನಮೂನೆಲೇ ಕೇಳಿ, ರಾಜ್ಯದ ನಮೂನೆ ಅಲ್ಲಿ ನಡೆಯಲ್ಲ.